ಚರ್ಮದ ಕಿವಿಪಟ್ಟಿ

ಅಂಬರಾಯನ ಎಡಗಿವಿ ಕೇಳಿಸದೆ ಆರು ವರ್ಷವಾಗಿತ್ತು. ಎದುರಾಳಿಗಳ ತಲೆಗೆ ತಲೆ ಉಜ್ಜಿ ಉಜ್ಜಿ, ಒಳಗೆ ರಕ್ತ ಹೆಪ್ಪುಗಟ್ಟಿ, ಕಿವಿ ಗಂಟುಗಂಟಾಗಿ ಮುದುಡಿಹೋಗಿತ್ತು. ತಾಲೀಮಿನಲ್ಲಿ, ಅಂದರೆ ಕುಸ್ತಿಯ ಗರಡಿಯಲ್ಲಿ, ಅಂಥ ಕಿವಿಗೆ ಮರ್ಯಾದೆ ಇತ್ತು. ಅದನ್ನು ನೋಡಿಯೇ ಪೈಲ್ವಾನನೆಂದು ಗುರುತು ಹಿಡಿದು ಶಹಾಬಾದದ ಜನ ಸಂತೆಯಲ್ಲಿ ದಾರಿ ಬಿಡುತ್ತಿದ್ದರು. ಬಹಳ ಕಾಲ ಅವನಿಗೂ ಅದು ಹೆಮ್ಮೆಯೇ ಆಗಿತ್ತು. ಆದರೆ ಅರವತ್ತೆಂಟನೇ ಇಸವಿಯ ಚಳಿಗಾಲದಲ್ಲಿ, ಚಿತ್ತಾಪುರದ ಒಂದು ಕುಸ್ತಿಯಲ್ಲಿ, ಬಲಗಿವಿಯೂ ಊದಿಕೊಂಡಿತು.

ಅವನ ಕೆಲಸ ಕಲ್ಲಿನ ಖಣಿಯಲ್ಲಿ. ಚಿತ್ತಾಪುರದಿಂದ ಬಂದ ಮೂರನೆಯ ದಿನ, ಮದ್ದು ಹಾರಿಸುವ ಮೊದಲು ಊದುವ ಸೀಟಿ ಅವನಿಗೆ ಕೇಳಿಸಲಿಲ್ಲ. ಎಲ್ಲರೂ ಓಡಿಹೋಗಿದ್ದರು. ಇವನೊಬ್ಬ ಬಗ್ಗಿ ಹಾರೆ ಹಾಕುತ್ತಲೇ ಇದ್ದ. ಜೊತೆಗಾರ ರಾಮಲಿಂಗ ವಾಪಸು ಓಡಿಬಂದು ರಟ್ಟೆ ಹಿಡಿದು ಎಳೆದೊಯ್ದ. ಅಂಬರಾಯ ನಿಂತಿದ್ದ ಜಾಗದಲ್ಲಿ ಆಮೇಲೆ ಹಾರೆ ಹುಡುಕಲು ಕಲ್ಲು ಸರಿಸಬೇಕಾಯಿತು. ಆ ಸಂಜೆ ಮೇಸ್ತ್ರಿ ಕರೆದು ಬೈಯಲಿಲ್ಲ, ಹತ್ತಿರ ಬಂದು ಹೇಳಿದ: "ಒಂದು ಕಿವಿ ಹೋದ್ರ ಹೆಂಗೋ ನಡೀತದ ಅಂಬರಾಯ. ಎರಡೂ ಹೋದ್ರ ನಿನ್ನ ನಾ ಇಲ್ಲಿ ಹೆಂಗ ಇಟ್ಕೊಳ್ಳಲಿ?"

ಹೆಂಡತಿ ಲಾಲಮ್ಮ ವಿಷಯ ಕೇಳಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಕುಸ್ತಿ ಬಿಡಿರೆಂದು ಅವಳು ಎಷ್ಟೋ ಸಲ ಹೇಳಿದ್ದಳು. ಮತ್ತೆ ಹೇಳಲು ಅವಳಿಗೂ ಬೇಸರ. ಬಿಡುವ ಮನಸ್ಸು ಅವನಿಗೂ ಇತ್ತು. ಮೂವತ್ತನಾಲ್ಕರ ಮೈ ಒಂದು ದಿನವೂ ನೋವಿಲ್ಲದೆ ಏಳುತ್ತಿರಲಿಲ್ಲ. ಆದರೆ ಬರುವ ತಿಂಗಳು ವಾಡಿಯಲ್ಲಿ ನಾಲವಾರದ ಜಹಾಂಗೀರನ ಜೊತೆ ಅವನ ಕುಸ್ತಿ ನಿಗದಿಯಾಗಿತ್ತು. ಮಾತು ಕೊಟ್ಟವರು ಅವನ ಕುಸ್ತಿಯ ಗುರು, ವಸ್ತಾದ ಗುರುಲಿಂಗಯ್ಯ. ತಂದೆ ಸತ್ತ ವರ್ಷ ಅಂಬರಾಯನನ್ನು ತಾಲೀಮಿಗೆ ಸೇರಿಸಿಕೊಂಡು, ತಮ್ಮ ಮನೆಯಲ್ಲೇ ಉಣ್ಣಿಸಿ ಬೆಳೆಸಿದವರು. ಅವರ ಮಾತು ಮುರಿಯುವುದು ಅವನಿಂದ ಆಗದು.

ವಾರದಲ್ಲಿ ಊತ ಇಳಿದು ಬಲಗಿವಿ ಮತ್ತೆ ಕೇಳಿಸತೊಡಗಿತ್ತು, ಅದನ್ನಾದರೂ ಉಳಿಸಿಕೊಳ್ಳಬೇಕಿತ್ತು. ಅದಕ್ಕೆ ಅವನು ಸ್ಟೇಷನ್ ರಸ್ತೆಯ ಶೌಕತ ಅಲಿಯ ಹತ್ತಿರ ಹೋದ. ಶೌಕತ ಅಲಿ ಟಾಂಗಾ ಕುದುರೆಗಳ ಚರ್ಮದ ಸಾಮಾನು ಹೊಲಿಯುವ ಮುದುಕ. ಕಿವಿ ಮುಚ್ಚುವಂಥ ಏನಾದರೂ ಹೊಲಿದುಕೊಡಿ ಎಂದು ಕೇಳಿದಾಗ ಅವರು ನಗಲಿಲ್ಲ. ದಾರ ಹಿಡಿದು ತಲೆಯ ಅಳತೆ ತೆಗೆದರು. ಮೊದಲು ಮಾಡಿದ್ದು ಜಗ್ಗಾಟದಲ್ಲಿ ಕಣ್ಣಿನ ಮೇಲೆ ಜಾರಿತು. ಎರಡನೆಯದು ಗಂಟಲು ಬಿಗಿಯಿತು. ಮೂರನೆಯದಕ್ಕೆ ಅವರು ಮೆತ್ತನೆಯ ಕುರಿಚರ್ಮದ ಎರಡು ಬಟ್ಟಲು ಮಾಡಿ, ಒಳಗೆ ಜೀನಿನ ಕೆಳಗೆ ಹಾಕುವ ದಪ್ಪ ಉಣ್ಣೆ ತುಂಬಿ, ನೆತ್ತಿಗೊಂದು, ಹಿಂದಲೆಗೊಂದು, ಗದ್ದಕ್ಕೊಂದು ಪಟ್ಟಿ ಹೊಲಿದರು. ಗಾಳಿ ಆಡಲು ಬಟ್ಟಲಿಗೆ ತೂತು ಕೊರೆದರು. ಕಬ್ಬಿಣದ ಬಕಲು ಹಾಕಿದರೆ ಎದುರಿನವನ ಮುಖ ಕೊಯ್ಯುತ್ತದೆಂದು ಬರೀ ಲಾಡಿ ಇಟ್ಟರು.

"ಕುದುರಿ ಮೈಗೆ ಗಾಯ ಆದ್ರ ಮಂದಿ ಓಡಿ ಬರ್ತಾರ," ಅಂದರು ಶೌಕತ ಅಲಿ, ಲಾಡಿ ಕಟ್ಟುತ್ತ. "ತನ್ನ ಮೈಗೆ ಆದ್ರ ಮನಷ್ಯಾ ಬರಲ್ಲ. ನೀ ಈಗ ಬಂದಿ ನೋಡು."

ವಾಡಿಯ ಮೈದಾನದಲ್ಲಿ, ಕೆಂಪು ಮಣ್ಣಿನ ಅಖಾಡಕ್ಕೆ ಇಳಿಯುವ ಮುಂಚೆ ಅಂಬರಾಯ ಪಟ್ಟಿ ಕಟ್ಟಿಕೊಂಡ. ಜನ ನಕ್ಕರು. ಟಾಂಗಾ ಎಲ್ಲಿ ಬಿಟ್ಟು ಬಂದೆ ಎಂದು ಯಾರೋ ಕೂಗಿದರು. ಪಂಚರು ತಮ್ಮೊಳಗೆ ಮಾತಾಡಿಕೊಂಡು ಜಹಾಂಗೀರನನ್ನು ಕೇಳಿದರು. ಜಹಾಂಗೀರ ಇಪ್ಪತ್ತೆರಡರ ಹುಡುಗ, ಅವನ ಕಿವಿಗಳು ಇನ್ನೂ ಚೆಂದಾಗಿದ್ದವು. ತನ್ನದೇನೂ ತಕರಾರಿಲ್ಲ, ಇರಲಿ ಎಂದ. ತಕರಾರು ಬಂದದ್ದು ಗುರುಲಿಂಗಯ್ಯನವರಿಂದ.

"ತಗೀ ಅದನ್ನ," ಎಂದು ಮೈದಾನಕ್ಕೆಲ್ಲ ಕೇಳುವಂತೆ ಹೇಳಿದರು. "ನನ್ನ ತಾಲೀಮಿನ್ಯಾಗ ಯಾರೂ ಕಿವಿ ಮುಚ್ಕೊಂಡು ಆಡಿಲ್ಲ."

ಇಪ್ಪತ್ತು ವರ್ಷದಲ್ಲಿ ಅವರಿಗೆ ಎದುರು ಮಾತಾಡಿರದ ಅಂಬರಾಯ ತಲೆ ಅಡ್ಡಡ್ಡ ಆಡಿಸಿದ. ಇದನ್ನು ತೆಗೆದರೆ ಆಡುವುದಿಲ್ಲವೆಂದ. ಗುರುಲಿಂಗಯ್ಯ ಅವನ ಮುಖವನ್ನೇ ನೋಡುತ್ತ ನಿಂತು, ಕೊನೆಗೆ ಹಿಂದೆ ಸರಿದರು.

ಕುಸ್ತಿ ಕಾಲು ತಾಸು ನಡೆಯಿತು. ಜಹಾಂಗೀರ ತಲೆಯಿಂದ ಎಷ್ಟು ತಿಕ್ಕಿದರೂ ಕಿವಿಗೆ ತಾಗಲಿಲ್ಲ. ಆದರೆ ಹುಡುಗನಿಗೆ ಉಸಿರಿತ್ತು, ಅಂಬರಾಯನಿಗೆ ಇರಲಿಲ್ಲ. ಒಂದು ಗಳಿಗೆ ತೊಡೆ ನಡುಗಿತು. ಅಷ್ಟರಲ್ಲೇ ಜಹಾಂಗೀರ ಒಳಗೆ ನುಗ್ಗಿ, ಅವನನ್ನು ಬೆನ್ನ ಮೇಲೆ ಎತ್ತಿ ಮಣ್ಣಿಗೆ ಕೆಡವಿದ. ಪಟ್ಟಿಯಿಂದಲೇ ಸೋತ ಎಂದು ಜನ ಮಾತಾಡಿಕೊಂಡು ಹೋದರು. ಹಾಗಲ್ಲವೆಂದು ಅವನಿಗೆ ಗೊತ್ತಿತ್ತು.

ಸಂಜೆಯ ಪ್ಯಾಸೆಂಜರ್ ರೈಲಿನಲ್ಲಿ ಗುರುಶಿಷ್ಯರು ಅಕ್ಕಪಕ್ಕ ಕುಳಿತರು. ಗಾಡಿ ಬಿಟ್ಟ ಮೇಲೆ ಅಂಬರಾಯ ಬಾಯಿ ತೆರೆದ.

"ವಸ್ತಾದ್ರೆ, ನಾಳಿಂದ ನಾ ತಾಲೀಮಿಗಿ ಬರಂಗಿಲ್ರಿ."

ಗುರುಲಿಂಗಯ್ಯ ಕಿಟಕಿಯ ಹೊರಗೆ ನೋಡುತ್ತ, "ಹೌದು, ಇವತ್ತು ಗಾಡಿ ಭಾಳ ತಡಾ ಆಗ್ಯಾದ," ಎಂದರು.

ಅಂಬರಾಯ ಅವರನ್ನೇ ನೋಡಿದ. ಅವರು ತಿರುಗಿ, ಅವನ ಮುಖದಲ್ಲಿ ಏನೋ ಕಂಡು, ಏನಂದೆ, ಜೋರಾಗಿ ಹೇಳು ಎಂದರು. ಅವನು ಅದೇ ಮಾತನ್ನು ಗಟ್ಟಿಯಾಗಿ ಹೇಳಬೇಕಾಯಿತು. ಡಬ್ಬಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇಷ್ಟು ಮಂದಿಯ ಮುಂದೆ ಹೇಳಿದ್ದಕ್ಕೆ ಅವನಿಗೆ ನಾಚಿಕೆಯಾಯಿತು.

ವಸ್ತಾದರು ಮೊಣಕಾಲು ಉಜ್ಜಿಕೊಂಡರು. "ನನ್ನ ಕಿವಿ ಹೋಗಿ ಹನ್ನೊಂದು ವರ್ಷ ಆತು," ಅಂದರು. "ಮನ್ಯಾಗ ಯಾರು ಏನು ಮಾತಾಡ್ತಾರ ಗೊತ್ತಾಗಲ್ಲ. ಅವರು ನಕ್ಕರ ನಾನೂ ನಗ್ತೀನಿ."

ಹಾಗಾದರೆ ಪಟ್ಟಿ ತೆಗಿ ಅಂತ ಯಾಕೆ ಹೇಳಿದಿರಿ ಎಂದು ಅಂಬರಾಯ ಅವರ ಕಿವಿಯ ಹತ್ತಿರ ಬಾಗಿ ಕೇಳಿದ.

"ನನ್ನ ವಸ್ತಾದ ನನಗ ಹೇಳಿದ್ದೇ ನಿನಗ ಹೇಳ್ದೆ. ಬ್ಯಾರೆ ಏನೂ ನನಗ ಬರಲ್ಲಪ್ಪ."

ಶಹಾಬಾದದಲ್ಲಿ ಇಳಿದಾಗ ಅವರ ಮೊಣಕಾಲು ಹಿಡಿದುಕೊಂಡಿತ್ತು. ಅಂಬರಾಯ ಅವರ ಚೀಲ ಎತ್ತಿಕೊಂಡು ಮನೆಯ ತನಕ ನಡೆಸಿಕೊಂಡು ಹೋದ. ಬಾಗಿಲಲ್ಲಿ ಅವರು ಅವನ ಹೆಗಲ ಮೇಲೆ ಕೈ ಇಟ್ಟು ತೆಗೆದರು. ನಾಳೆ ಬಾ ಎನ್ನಲಿಲ್ಲ.

ಲಾಲಮ್ಮ ಗೆದ್ದಿರೋ ಸೋತಿರೋ ಕೇಳದೆ, ದೀಪ ಹಿಡಿದು ಬಲಗಿವಿ ನೋಡಿದಳು. ಸೋತದ್ದನ್ನೂ ಬಿಟ್ಟದ್ದನ್ನೂ ಅವನೇ ಹೇಳಿದ. "ಚಲೋ ಆತು," ಅಂದಳು. ಅವಳ ದನಿಯಲ್ಲಿ ಸಂತೋಷವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ರೊಟ್ಟಿ ಮುರಿಯಲು ಅವನ ಬೆರಳು ಮಡಚಲಿಲ್ಲ. ಅವಳೇ ಮುರಿದು ಹಾಲಿನಲ್ಲಿ ನೆನೆಸಿ ಕೊಟ್ಟಳು.

ಮರುದಿನ ನಸುಕಿನಲ್ಲಿ ರೂಢಿಯಂತೆ ಎಚ್ಚರವಾಯಿತು. ಎದ್ದು ಕುಳಿತು, ತಾಲೀಮಿಗೆ ಹೋಗಬೇಕಾಗಿಲ್ಲವೆಂದು ನೆನಪಾಗಿ, ಮತ್ತೆ ಮಲಗಿದ. ಖಣಿಗೆ ಹೊರಡಲು ಇನ್ನೂ ಎರಡು ತಾಸಿತ್ತು. ಅವನು ಅಷ್ಟೂ ಹೊತ್ತು ನಿದ್ದೆ ಮಾಡಿದ.