ದೇವರಿಗೆ ಬಿಟ್ಟ ಮರಿ

ಕಾಡಿನಲ್ಲಿ ಬದುಕುಳಿಯುವುದನ್ನು ಕಲಿಸುವುದಕ್ಕೂ ಈಗ ಶಾಲೆಗಳಲ್ಲಿ ಬೇರೆ ಫೀಸು ಇದೆ. ಶಿರಾ ಕಡೆಯ ಒಂದು ವಸತಿ ಶಾಲೆಯವರು ಹದಿನಾಲ್ಕು ಹುಡುಗರನ್ನು ಟೆಂಪೊದಲ್ಲಿ ತುಂಬಿಕೊಂಡು, ಮಧುಗಿರಿ ದಾಟಿ, ಒಂದು ರಾತ್ರಿಯ ಶಿಬಿರಕ್ಕೆಂದು ಬೆಟ್ಟದ ಬುಡದಲ್ಲಿ ಬಂದಿಳಿದರು. ಪಿ.ಟಿ. ಮೇಷ್ಟ್ರು ಪ್ರಸನ್ನ ಕುಮಾರ್ ಕೈಯಲ್ಲಿ ದಿಕ್ಸೂಚಿ ಇತ್ತು, ಸೊಂಟದಲ್ಲಿ ಚಾಕು ಇತ್ತು, ತಲೆ ತುಂಬ ಮೊಬೈಲಿನಲ್ಲಿ ನೋಡಿದ ವಿಡಿಯೊಗಳಿದ್ದವು. ನೀರೆಲ್ಲಿ ಸಿಗುತ್ತದೆ ಎಂಬುದೊಂದು ಗೊತ್ತಿರಲಿಲ್ಲ. ಅದಕ್ಕೇ ಕ್ಯಾತಮ್ಮನನ್ನು ಕರೆಸಿದ್ದರು.

ಕ್ಯಾತಮ್ಮ ಬೆಟ್ಟದ ಹಿಂದಿನ ಹಟ್ಟಿಯವಳು. ನಲವತ್ತು ವರ್ಷದಿಂದ ಅದೇ ಬಂಡೆಗಳ ಮೇಲೆ ಮೇಕೆ ಮೇಯಿಸಿದವಳು. ಅವತ್ತು ಅವಳ ಕಂಕುಳಲ್ಲಿ ಒಂದು ಕರಿ ಮರಿ ಇತ್ತು, ಮರಿಯ ಕೊರಳಲ್ಲಿ ಅರಿಶಿನದ ದಾರ ಇತ್ತು. ಅವಳ ಮಗಳು ಲಾವಣ್ಯಳ ಎರಡು ಕೂಸುಗಳು ಹೆಸರಿಡುವ ಮೊದಲೇ ಮಣ್ಣು ಸೇರಿದ್ದವು. ಈಗ ಮೂರನೆಯದು ಹೊಟ್ಟೆಯಲ್ಲಿತ್ತು, ಎಂಟು ತಿಂಗಳು. ಇದೊಂದು ಉಳಿದರೆ ಸಾಕು, ಈ ಮರಿ ನಿನ್ನದು, ಇದರ ಮೈಮೇಲೆ ಯಾರ ಕತ್ತಿಯೂ ಬೀಳುವುದಿಲ್ಲ, ಮುಪ್ಪಾಗಿ ತಾನಾಗಿಯೇ ಸಾಯಲಿ ಎಂದು ಕ್ಯಾತಮ್ಮ ಹಟ್ಟಿಯ ದೇವರಿಗೆ ಹರಕೆ ಹೊತ್ತಿದ್ದಳು. ಹೆರಿಗೆಯಾಗುವ ತನಕ ಹರಕೆ ಹೊತ್ತವರು ಮರಿಯನ್ನು ಬಿಟ್ಟು ಇರುಳು ಕಳೆಯಬಾರದು. ಅದಕ್ಕೇ ಅದನ್ನು ಬೆಟ್ಟಕ್ಕೂ ಹೊತ್ತು ತಂದಿದ್ದಳು. ಇದನ್ನೆಲ್ಲ ಅವಳು ಬಂದ ತಕ್ಷಣ ಹುಡುಗರ ಎದುರೇ ಮೇಷ್ಟ್ರಿಗೆ ಹೇಳಿದಳು. ಮೇಷ್ಟ್ರೂ ರೈತರ ಮನೆಯವನೇ, ಮರಿಯ ತಲೆ ಮುಟ್ಟಿ ಕಣ್ಣಿಗೊತ್ತಿಕೊಂಡ.

ಟೆಂಪೊದಿಂದ ಇಳಿಸಿದ ಸಾಮಾನಿನಲ್ಲಿ ಒಂದು ಚೀಲ ಮಿಸುಕಾಡುತ್ತಿತ್ತು. ಒಳಗೆ ಎರಡು ನಾಟಿ ಕೋಳಿ. ಬೆಳಿಗ್ಗೆ ಹುಡುಗರು ತಾವೇ ಕೊಯ್ದು, ಸುಲಿದು, ಸುಟ್ಟು ತಿನ್ನಬೇಕು. ಅದು ಶಿಬಿರದ ಕೊನೆಯ ಪಾಠ. ಕ್ಯಾತಮ್ಮ ನಾಲ್ಕು ಹೆಜ್ಜೆ ಹಿಂದೆ ಸರಿದಳು. ಅವಳ ಹಟ್ಟಿಯ ಬೇಲಿಯೊಳಕ್ಕೆ ಕೋಳಿ ಬರುವಂತಿಲ್ಲ, ದೇವರಿಗೆ ಬಿಟ್ಟದ್ದರ ಹತ್ತಿರವಂತೂ ಸುಳಿಯುವಂತೆಯೇ ಇಲ್ಲ. ಚೀಲವನ್ನು ದೂರ ಇಡಿಸಿ ಎಂದು ಕೈಮುಗಿದು ಕೇಳಿಕೊಂಡಳು. ಮೇಷ್ಟ್ರು ನಕ್ಕು ಅದನ್ನು ಟೆಂಪೊದೊಳಕ್ಕೆ ಎಸೆದು, ಗಾಜು ಏರಿಸಿ, ಬಾಗಿಲು ಹಾಕಿದ.

ಸಂಜೆಯೆಲ್ಲ ಕಲಿಸಿದವಳು ಅವಳೇ. ಬಂಡೆಯ ಮೇಲೆ ಮಳೆನೀರು ನಿಲ್ಲುವ ದೊಣೆಗಳಲ್ಲಿ ಯಾವುದರ ನೀರು ಕುಡಿಯಬಹುದು, ಯಾವುದನ್ನು ಮೇಕೆಯೂ ಮೂಸುವುದಿಲ್ಲ, ಕರಡಿ ಓಡಾಡುವ ಜಾಡು ಯಾವುದು, ಗಾಳಿಗೆ ಬೆನ್ನು ಕೊಟ್ಟು ಬೆಂಕಿ ಹೊತ್ತಿಸುವುದು ಹೇಗೆ, ಎಲ್ಲವನ್ನೂ ತೋರಿಸಿದಳು. ಮೇಷ್ಟ್ರು ಪ್ರತಿಯೊಂದರ ಮುಂದೆಯೂ ನಿಂತು, ತಾನೇ ಕಂಡುಹಿಡಿದವನ ಹಾಗೆ ವಿಡಿಯೊ ಮಾಡಿಸಿಕೊಂಡ.

ಹುಡುಗರಲ್ಲಿ ಮಲ್ಲೇಶ್ ಎಂಬ ಹನ್ನೆರಡು ವರ್ಷದವನೊಬ್ಬ ಮರಿಯ ಹಿಂದೆಯೇ ಬಿದ್ದ. ತಾಯಿ ಇಲ್ಲದ ಮರಿ, ಬಾಟಲಿ ಹಾಲು ಕುಡಿಯುವಂಥದ್ದು. ಹಾಲು ಮುಗಿದ ಮೇಲೂ ಅದು ಕಿರುಚಿದಾಗ ಕ್ಯಾತಮ್ಮ ಅವನ ಎರಡು ಬೆರಳು ಹಿಡಿದು ಅದರ ಬಾಯಿಗಿಟ್ಟಳು. ಮರಿ ಚೀಪುತ್ತಾ ಚೀಪುತ್ತಾ ಸುಮ್ಮನಾಯಿತು. ಹುಡುಗನ ಮುಖ ಅರಳಿತು. ಅವಳಿಗೂ ಅವನ ಮೇಲೆ ಅಕ್ಕರೆ ಉಕ್ಕಿತು.

ಬೆಳಕು ಹರಿಯುವಾಗ ಕ್ಯಾತಮ್ಮ ಮರಿಯನ್ನು ಮಲ್ಲೇಶನ ಮಡಿಲಿಗೆ ಹಾಕಿ, ಕೊಡ ಹಿಡಿದು ಮೇಲಿನ ದೊಣೆಗೆ ಹೋದಳು. ಹೋಗಿ ಬರಲು ಅರ್ಧ ಗಂಟೆ. ಅಷ್ಟರಲ್ಲಿ ಮೇಷ್ಟ್ರು ಟೆಂಪೊ ಬಾಗಿಲು ತೆಗೆದ. ಕೋಳಿಗಳು ಉಸಿರುಗಟ್ಟಿ ಸತ್ತು ನಾರುತ್ತಿದ್ದವು. ಕೊನೆಯ ಪಾಠದ ವಿಡಿಯೊಗಾಗಿ ಹುಡುಗರ ಅಪ್ಪಂದಿರೆಲ್ಲ ವಾಟ್ಸಾಪಿನಲ್ಲಿ ಕಾಯುತ್ತಿದ್ದರು.

ಕ್ಯಾತಮ್ಮ ಕೊಡ ಹೊತ್ತು ಇಳಿದು ಬಂದಾಗ ಬಂಡೆಯ ಮೇಲೆ ರಕ್ತ ಇನ್ನೂ ಹರಿಯುತ್ತಿತ್ತು. ಹುಡುಗರು ಚರ್ಮ ಎಳೆಯುವುದನ್ನು ಕಲಿಯುತ್ತಿದ್ದರು. ಅವಳು ಕೊಡವನ್ನು ನಿಧಾನವಾಗಿ ಕೆಳಗಿಟ್ಟಳು. ಮೇಷ್ಟ್ರು ಕೈ ಒರೆಸಿಕೊಂಡು ಬಂದು ಅವಳ ಅಂಗೈಯಲ್ಲಿ ಅರಿಶಿನದ ದಾರವನ್ನಿಟ್ಟ. ಅದರ ಮೇಲೆ ಒಂದು ಹನಿ ರಕ್ತವೂ ಇರಲಿಲ್ಲ.

"ಕೊಯ್ಯೋಕೆ ಮುಂಚೆನೇ ಬಿಚ್ಚಿಟ್ಟಿದ್ದೆ ಕಣಮ್ಮ. ಇನ್ನೊಂದು ಕರಿ ಮರಿ ಕೊಡಿಸ್ತೀನಿ, ಅದಕ್ಕೇ ಕಟ್ಬುಡು, ಯಾರಿಗೆ ಗೊತ್ತಾಗ್ತದೆ? ಕೋಳಿ ದೂರ ಇಡು ಅಂದೋಳು ನೀನೇ ಅಲ್ವಾ?"

ಮರೆತು ಕೊಂದಿದ್ದರೆ ಅವಳು ಹಣೆಬರಹ ಎಂದುಕೊಳ್ಳುತ್ತಿದ್ದಳೇನೋ. ಅವನು ಎಲ್ಲ ಗೊತ್ತಿದ್ದು, ದಾರ ಬಿಚ್ಚಿ, ಜೋಪಾನವಾಗಿ ಎತ್ತಿಟ್ಟು, ಆಮೇಲೆ ಕೊಂದಿದ್ದ. ಇಂಥ ಮನುಷ್ಯನಿಗೆ ಶಾಪ ಹಾಕಿದರೆ ಶಾಪಕ್ಕೂ ಮೈಲಿಗೆ. ಅವಳು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟಳು.

ಹಟ್ಟಿಯ ದಾರಿಯ ಏರಿನಲ್ಲಿ ಅವಳು ಒಂದು ಬಂಡೆಯ ಮೇಲೆ ಕೂತಳು. ಕೆಳಗೆ ಸುಟ್ಟು ತಿಂದು ಮುಗಿಸಿ ಹುಡುಗರು ಸಾಮಾನು ಕಟ್ಟುವಾಗ ಮಲ್ಲೇಶ್ ಓಡುತ್ತಾ ಹತ್ತಿ ಬಂದ. ಮರಿ ಕೊಡುವುದಿಲ್ಲ ಎಂದಿದ್ದೆ, ಆದರೆ ಹೆದರುಪುಕ್ಕಲ ಎಂದು ಎಲ್ಲರೂ ನಕ್ಕರು ಎಂದ. ಮರಿ ಒದ್ದಾಡಿದಾಗ ಬೆರಳು ಕೊಟ್ಟು ಹಿಡಿದುಕೋ ಎಂದರಂತೆ ಮೇಷ್ಟ್ರು, ಇವನು ಹಿಡಿದುಕೊಂಡನಂತೆ. ಅದು ಬೆರಳು ಚೀಪುತ್ತಲೇ ಇತ್ತಂತೆ. ಇಷ್ಟು ಹೇಳುವಷ್ಟರಲ್ಲಿ ಅವನಿಗೆ ಬಿಕ್ಕಳಿಕೆ ಹತ್ತಿತು.

"ಅಜ್ಜಿ, ಆ ಅಕ್ಕನ ಪಾಪುಗೆ ಏನೂ ಆಗಲ್ಲ ಅಲ್ವಾ?"

ಏನೂ ಆಗಲ್ಲ ಬುಡು ಎಂದಿದ್ದರೆ ಮುಗಿದುಹೋಗುತ್ತಿತ್ತು. ಯಾವ ಮಗುವಿಗಾದರೂ ಅಷ್ಟು ಹೇಳಬೇಕು. ಕ್ಯಾತಮ್ಮನ ಕಣ್ಣು ಅವನ ಬೆರಳುಗಳ ಮೇಲೆ ಬಿತ್ತು. ಮೇಷ್ಟ್ರ ಮೇಲೆ ಕಾರಲಾಗದೆ ಉಳಿದಿದ್ದ ವಿಷವೆಲ್ಲ ನಾಲಿಗೆಗೆ ಬಂತು.

"ಆ ಕೂಸು ಉಳಿಯಾಕಿಲ್ಲ ಕಣ್ಲಾ. ಹುಟ್ಟಿದ್ ದಿನಾನೇ ಸಾಯ್ತದೆ. ನಿನ್ ಕೈಯಾಗೇ ಸತ್ತದ್ದು ಅಂತ ತಿಳ್ಕ."

ಹುಡುಗ ಹಿಂದಕ್ಕೆ ತಿರುಗಿ ಓಡಿದ. ಒಂದು ಗಳಿಗೆ ಕ್ಯಾತಮ್ಮನಿಗೆ ಎದೆ ಹಗುರವಾಯಿತು, ಹಾಯೆನಿಸಿತು. ಮರುಗಳಿಗೆಯೇ ತಾನು ಆಡಿದ್ದು ತನ್ನ ಕಿವಿಗೆ ಬಿತ್ತು. ಎಂಟು ತಿಂಗಳಿಂದ ಹಟ್ಟಿಯಲ್ಲಿ ಶತ್ರುಗಳೂ ಆಡದೆ ನುಂಗಿಕೊಂಡಿದ್ದ ಮಾತನ್ನು, ಹರಕೆ ಹೊತ್ತ ಬಾಯೇ, ಹರಕೆ ಮುರಿದ ಬೆಳಿಗ್ಗೆಯೇ ಆಡಿಬಿಟ್ಟಿತ್ತು. ಅವಳು ಬಾಯಿ ಬಾಯಿ ಬಡಿದುಕೊಂಡಳು. ತುಟಿ ಒಡೆಯಿತು. ಸಾಲಲಿಲ್ಲ. ಆ ಮಾತು ಹುಡುಗನ ಜೊತೆಯಲ್ಲೇ ಹೋಗುತ್ತಿತ್ತು, ಅವನನ್ನು ಹಿಡಿದು ನಿಲ್ಲಿಸಿ ವಾಪಸು ತೆಗೆದುಕೊಳ್ಳಲೇಬೇಕಿತ್ತು.

"ಸುಳ್ಳು ಕಣಪ್ಪಾ, ಸುಳ್ಳು ಯೋಳ್ದೆ" ಎನ್ನುತ್ತಾ ಅವಳು ಮುಳ್ಳು, ಕಲ್ಲು ನೋಡದೆ ಓಡಿದಳು. ಅವಳು ಬುಡ ತಲುಪುವಾಗ ಟೆಂಪೊ ಹೊರಟಿತ್ತು. ಗಾಜುಗಳೆಲ್ಲ ಮುಚ್ಚಿದ್ದವು, ಒಳಗೆ ಹಾಡು ಹಾಕಿದ್ದರು. ಎರಡೂ ಕೈ ಎತ್ತಿಕೊಂಡು ಓಡಿ ಬರುತ್ತಿದ್ದ ಅಜ್ಜಿಯನ್ನು ಕಂಡು, ಬೀಳ್ಕೊಡುತ್ತಿದ್ದಾಳೆ ಎಂದುಕೊಂಡು ಹುಡುಗರೆಲ್ಲ ಕೈ ಬೀಸಿದರು. ಮಲ್ಲೇಶ್ ಒಬ್ಬ ಬೀಸಲಿಲ್ಲ. ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕೂತಿದ್ದ.