ತೊಳೆದುಹೋದ ಗುನುಗು

ಊರಿನ ಜಾಝ್ ಸಂಗ್ರಾಹಕರು ಅವಳಿಗೆ ‘ಜರಡಿ ಡಾಕ್ಟರು’ ಎಂದು ಹೆಸರಿಟ್ಟಿದ್ದರು. ವೃತ್ತಿಯಲ್ಲಿ ಹಲ್ಲಿನ ವೈದ್ಯೆ. ಹಗಲೆಲ್ಲ ಡ್ರಿಲ್ಲಿನ ಸದ್ದು ಕೇಳಿದ ಕಿವಿ ಸಂಜೆಯಾದರೆ ಹಳೆಯ ಜಾಝ್ ರೆಕಾರ್ಡುಗಳ ಮರುಮುದ್ರಣಗಳನ್ನು ಜರಡಿ ಹಿಡಿಯುತ್ತಿತ್ತು. ಸಂಗೀತದ ಮಾಸಪತ್ರಿಕೆಯೊಂದರಲ್ಲಿ ಅವಳ ಅಂಕಣವಿತ್ತು. ಧ್ವನಿ ತಿದ್ದಿ ಹೊಸದಾಗಿ ರೀಮಾಸ್ಟರ್ ಆಗಿ ಬಂದ ರೆಕಾರ್ಡನ್ನು ಕೊಳ್ಳಬೇಕೋ ಬೇಡವೋ ಎಂಬುದನ್ನು ಬಹಳ ಜನ ಆ ಅಂಕಣ ಓದಿಯೇ ತೀರ್ಮಾನಿಸುತ್ತಿದ್ದರು.

ಕ್ಲಿನಿಕ್ಕಿನ ಹಿಂದಿನ ಕೋಣೆಯ ಗೋಡೆ ತುಂಬ ರೆಕಾರ್ಡುಗಳು. ಎಷ್ಟೋ ಕಡೆ ಒಂದೇ ಸಂಗೀತ, ಬೇರೆ ಬೇರೆ ಕಂಪನಿಗಳ ಮುದ್ರಣ.

‘ಒಂದೇ ಹಾಡನ್ನ ಎಷ್ಟು ಸಲ ಕೊಳ್ತೀರಿ ಮೇಡಂ?’ ಎಂದು ನರ್ಸಮ್ಮ ಕೇಳಿದ್ದುಂಟು.

‘ಎಲ್ಲರ ಬಾಯಲ್ಲೂ ಇರೋದು ಹಲ್ಲೇ. ಹಾಗಂತ ಒಂದು ಬಾಯಿ ನೋಡಿ ಸುಮ್ಮನಾಗೋಕಾಗುತ್ತಾ?’

ಹಳೆಯ ಟೇಪಿನ ಸುಯ್ಯೆನ್ನುವ ಸದ್ದು ತೆಗೆಯಲು ಹೋಗಿ ಸಿಂಬಲ್ ತಾಳದ ಮಿನುಗನ್ನೋ ಸ್ಯಾಕ್ಸೊಫೋನ್ ಊದುವವನ ಉಸಿರನ್ನೋ ಒರೆಸಿ ಹಾಕಿದ್ದರೆ ಅವಳು ಬಿಡುತ್ತಿರಲಿಲ್ಲ. ‘ನೆಗಡಿಯಾಯಿತೆಂದು ಮೂಗು ಕೊಯ್ದಿದ್ದಾರೆ’ ಎಂದು ಬರೆದಳೆಂದರೆ ಆ ರೆಕಾರ್ಡು ಅಂಗಡಿಯ ಮೂಲೆ ಸೇರಿದಂತೆಯೇ.

ಈ ಹುಚ್ಚು ಬಂದದ್ದು ಅಮ್ಮನಿಂದ. ಮದುವೆಗೆ ಮುಂಚೆ ಅಮ್ಮ ಬಂದರಿನ ಹೋಟೆಲೊಂದರ ಜಾಝ್ ತಂಡದಲ್ಲಿ ಪಿಯಾನೋ ನುಡಿಸುತ್ತಿದ್ದಳು. ಆ ತಂಡದ್ದು ಒಂದೇ ಒಂದು ರೆಕಾರ್ಡು ಬಂದಿತ್ತು. ಆಮೇಲೆ ತಂಡ ಒಡೆಯಿತು, ಕಂಪನಿ ಮುಚ್ಚಿತು, ಮೂಲ ಟೇಪು ಉಗ್ರಾಣದ ಬೆಂಕಿಯಲ್ಲಿ ಹೋಯಿತು. ಅಮ್ಮನ ಹತ್ತಿರವಿದ್ದ ಪ್ರತಿ ಬಿಟ್ಟರೆ ಇನ್ನೊಂದು ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಅಮ್ಮ ಮದುವೆಯಾಗಿ ಮತ್ತೊಂದು ಊರಿಗೆ ಬಂದಳು. ಅಲ್ಲಿ ಪಿಯಾನೋ ಇರಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಬೆರಳಾಡಿಸುತ್ತ ನಿಂತುಬಿಡುತ್ತಿದ್ದಳು. ಒಲೆಯ ಮೇಲಿನ ಹಾಲು ಉಕ್ಕಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ನುಡಿಸುವಾಗ ಮೆಲ್ಲಗೆ ಗುನುಗುವುದು ಅಮ್ಮನ ಅಭ್ಯಾಸ. ಅದು ರೆಕಾರ್ಡಿನಲ್ಲೂ ಸೇರಿಕೊಂಡಿತ್ತು. ಕಿವಿಗೊಟ್ಟರೆ ಪಿಯಾನೋದ ಹಿಂದೆ ಪಕ್ಕದ ಕೋಣೆಯಲ್ಲಿ ಯಾರೋ ಕೆಲಸ ಮಾಡುತ್ತ ಹಾಡಿಕೊಂಡಂತೆ ಕೇಳುತ್ತಿತ್ತು. ಡಾಕ್ಟರಾದ ಈ ಚಿಕ್ಕವಳೂ ಅವಳ ಅಕ್ಕನೂ ಆ ಗುನುಗನ್ನು ಕೇಳುತ್ತಲೇ ಬೆಳೆದವರು. ಒಮ್ಮೆ ಚಿಕ್ಕವಳು ಆ ಸಂಗೀತಕ್ಕೆ ಧಿಮಿಧಿಮಿ ಕುಣಿಯುವಾಗ ನೆಲ ಅದುರಿ, ಗ್ರಾಮಫೋನಿನ ಮುಳ್ಳು ಹಾರಿ, ರೆಕಾರ್ಡಿನ ಅರಗಿನ ತಟ್ಟೆಯ ಮೇಲೆ ಗೀರು ಬಿದ್ದಿತ್ತು. ಪಿಯಾನೋ ಮುಂದಾಗಿ ನುಡಿಯುವ ಸೋಲೋ ಮುಗಿಯುವ ಹೊತ್ತಿಗೆ ಆ ಗೀರು ಬರುತ್ತಿತ್ತು. ‘ಹೋಗಲಿ ಬಿಡು, ನಿನ್ನ ಸಹಿನೂ ಇರಲಿ,’ ಎಂದಿದ್ದಳು ಅಮ್ಮ. ಸಾಯುವ ಮುಂಚೆ ಆ ರೆಕಾರ್ಡನ್ನು ಚಿಕ್ಕವಳ ಕೈಗೇ ಕೊಟ್ಟಳು.

ಅಕ್ಕನ ಗಂಡ ಹಳೆಯ ರೆಕಾರ್ಡುಗಳನ್ನು ಮತ್ತೆ ಹೊರತರುವ ಪುಟ್ಟ ಕಂಪನಿ ನಡೆಸುತ್ತಿದ್ದ. ಮಾತಿನಲ್ಲಿ ಮರಳು ಮಾಡುವವನು. ಅಮ್ಮ ಹೋದ ಸ್ವಲ್ಪ ದಿನಕ್ಕೆ, ‘ಡಾಕ್ಟ್ರೇ, ಅತ್ತೆಯವರ ರೆಕಾರ್ಡು ಒಮ್ಮೆ ಕೊಡು. ಒಳ್ಳೆ ಮೆಶೀನಿನಲ್ಲಿ ಪ್ರತಿ ಮಾಡಿಕೊಡ್ತೀನಿ. ನಾಳೆ ಏನಾದ್ರೂ ಆದ್ರೆ?’ ಎಂದ. ಅವಳು ಕೊಟ್ಟಳು.

ವಾರ ಕಳೆದು ಭಾವ ಬಂದವನೇ ಕುರ್ಚಿಯಲ್ಲಿ ಕುಸಿದ. ಕಾಗದದ ಚೀಲದಲ್ಲಿ ಒಡೆದ ಚೂರುಗಳು.

‘ಕೈ ಜಾರಿತು ಕಣಮ್ಮ. ಪ್ರತಿ ಮಾಡೋಕೂ ಮುಂಚೆ. ನನ್ನ ಕೈ ಕತ್ತರಿಸಿ ಹಾಕು.’

ಅವನು ಅಳುತ್ತಿದ್ದ. ಅವಳೇ ನೀರು ಕೊಟ್ಟು ಸಮಾಧಾನ ಮಾಡಿದಳು. ಆ ಚೂರುಗಳನ್ನು ಬಿಡಿಸಿ ನೋಡುವ ಮನಸ್ಸಾಗದೆ ಹಾಗೇ ಕಟ್ಟಿ ಅಟ್ಟಕ್ಕೆ ಹಾಕಿದಳು. ಹೆಚ್ಚು ಕುಗ್ಗಿದವಳು ಅಕ್ಕ. ‘ನಮ್ಮಿಂದ ಅಮ್ಮ ಎರಡನೇ ಸಲ ಹೋದಳು,’ ಎಂದು ಎಷ್ಟೋ ದಿನ ತಂಗಿಯ ಮುಖ ನೋಡಲಿಲ್ಲ.

ಕೆಲವು ವರ್ಷಗಳಾದ ಮೇಲೆ ಭಾವನ ಕಂಪನಿಯಿಂದ ವಿಮರ್ಶೆಗೆಂದು ಒಂದು ರೆಕಾರ್ಡು ಬಂತು. ಬಂದರಿನ ಹೋಟೆಲಿನ ಅದೇ ತಂಡ. ಹೊಳೆಯುವ ಹೊದಿಕೆ, ತಂಡದ ಯಜಮಾನನ ಹೆಸರು ದೊಡ್ಡಕ್ಷರದಲ್ಲಿ. ಹಿಂಬದಿಯಲ್ಲಿ ವಾದಕರ ಹೆಸರುಗಳು. ಪಿಯಾನೋದ ಮುಂದೆ ‘ಅಜ್ಞಾತ’ ಎಂದಿತ್ತು.

ಅವಳು ಅದನ್ನು ಹಾಕಿ ಕುಳಿತಳು. ಬಾಸ್ ಎಂಬ ದೊಡ್ಡ ಪಿಟೀಲಿನ ತಂತಿ ಬೆರಳಿಗೆ ತಾಗುವುದು ಕೂಡ ಕೇಳುವಷ್ಟು ಶುಭ್ರವಾದ ಧ್ವನಿ. ಬೇರೆ ಯಾರಾದರೂ ಆಗಿದ್ದರೆ ಮೆಚ್ಚಿಕೊಳ್ಳುತ್ತಿದ್ದರು. ಪಿಯಾನೋ ಸೋಲೋ ಶುರುವಾಯಿತು. ಗುನುಗು ಇರಲಿಲ್ಲ. ಅಮ್ಮನ ಬೆರಳುಗಳಿದ್ದವು, ಅಮ್ಮ ಇರಲಿಲ್ಲ. ಯಾವುದೋ ಸಾಫ್ಟ್‌ವೇರ್ ಅದನ್ನು ಕೊಳೆಯೆಂದು ತಿಳಿದು ತೊಳೆದು ಹಾಕಿತ್ತು. ಅಲ್ಲ, ತೊಳೆದದ್ದು ಅದನ್ನು ನಡೆಸಿದ ಕೈ.

ಸೋಲೋ ಮುಗಿಯುವಲ್ಲಿ ಬಾಸ್ ನುಡಿಸುವವನ ಬೆರಳು ಜಾರಿ ತಂತಿ ಟಪ್ಪೆಂದಿತು. ಅದು ಅವಳಿಗೆ ಗೊತ್ತಿದ್ದದ್ದೇ. ಮರುಕ್ಷಣವೇ ಅದೇ ಟಪ್ ಮತ್ತೊಮ್ಮೆ ಕೇಳಿತು. ಅವಳು ಮುಳ್ಳೆತ್ತಿ ಹಿಂದಕ್ಕಿಟ್ಟಳು. ಅನುಮಾನವೇ ಇಲ್ಲ. ಗೀರಿದ್ದ ಜಾಗವನ್ನು ಕತ್ತರಿಸಿ, ಹಿಂದಿನ ತುಣುಕನ್ನೇ ತಂದು ತೇಪೆ ಹಾಕಿದ್ದರು. ಒಬ್ಬ ಮನುಷ್ಯನ ಬೆರಳು ಒಂದೇ ರೀತಿ ಎರಡು ಸಲ ಜಾರುವುದಿಲ್ಲ. ಆ ಗೀರು ಇದ್ದದ್ದು ಜಗತ್ತಿನಲ್ಲಿ ಒಂದೇ ತಟ್ಟೆಯ ಮೇಲೆ.

ಏಣಿ ಹಾಕಿ ಅಟ್ಟದ ಚೀಲ ಇಳಿಸಿದಳು. ಚೂರುಗಳನ್ನು ಮೇಜಿನ ಮೇಲೆ ಜೋಡಿಸಿದಾಗ ನಡುವಿನ ಚೀಟಿಯಲ್ಲಿ ಯಾವುದೋ ಸೈನಿಕ ಬ್ಯಾಂಡಿನ ಹೆಸರು ಕಂಡಿತು. ಅಂದು ಅವನ ಕಣ್ಣೊರೆಸಲು ತಾನೇ ಟವೆಲ್ ಕೊಟ್ಟದ್ದು ನೆನಪಾಯಿತು. ಅಮ್ಮನ ಹೆಸರು ಹಾಕಿದ್ದರೆ ಮಕ್ಕಳಿಬ್ಬರ ಒಪ್ಪಿಗೆ ಬೇಕಾಗುತ್ತಿತ್ತು. ಅದಕ್ಕೇ ಅಜ್ಞಾತ. ಅಮ್ಮನ ಗುರುತು ಸಿಗಬಾರದೆಂದೇ ಗುನುಗೂ ಬೇಡ.

ಪತ್ರಿಕೆಗೆ ನಾಲ್ಕು ಸಾಲು ಬರೆದು ಅವನನ್ನು ಮುಗಿಸಬಹುದಿತ್ತು. ಆದರೆ ಬರಹಕ್ಕೆ ಅವನು ಬರಹದಲ್ಲೇ ಉತ್ತರ ಕೊಡುತ್ತಾನೆ, ಮಾತಿನ ಮಲ್ಲ, ಜಾರಿಕೊಳ್ಳುತ್ತಾನೆ. ಅವಳಿಗೆ ಅವನ ಮುಖ ನೋಡಬೇಕಿತ್ತು.

ಅವಕಾಶ ತಾನಾಗಿ ಬಂತು. ರೆಕಾರ್ಡು ಬಿಡುಗಡೆಗೆ ಕೆಲವೇ ದಿನ ಇರುವಾಗ ಭಾವ ಕೆನ್ನೆ ಹಿಡಿದುಕೊಂಡು ಕ್ಲಿನಿಕ್ಕಿಗೆ ಬಂದ. ದವಡೆ ಹಲ್ಲು ಕೊಳೆತಿತ್ತು. ಅವಳು ಅವನನ್ನು ಕುರ್ಚಿಯಲ್ಲಿ ಮಲಗಿಸಿ, ಹಿಂದಿನ ಕೋಣೆಯಲ್ಲಿ ಅದೇ ರೆಕಾರ್ಡು ಹಾಕಿ ಬಂದಳು.

‘ಹೇಗಿದೆ ಡಾಕ್ಟ್ರೇ?’ ನೋವಿನಲ್ಲೂ ಅವನ ಕಣ್ಣರಳಿತು.

‘ಬಾಸ್ ಇಷ್ಟು ಚೆನ್ನಾಗಿ ಕೇಳಿದ್ದು ಇದೇ ಮೊದಲು, ಭಾವ. ಯಾವ ಪ್ರತಿಯಿಂದ ಮಾಡಿದ್ರಿ?’

‘ಹಡಗಿನಲ್ಲಿ ಕೆಲಸ ಮಾಡ್ತಿದ್ದ ಒಬ್ಬ ಮುದುಕ. ಅವನ ಪೆಟ್ಟಿಗೇಲಿ ಸಿಕ್ತು. ಒಂದೇ ಒಂದು ಗೀರಿಲ್ಲ, ಗೊತ್ತಾ? ನಿನ್ನ ರೆಕಾರ್ಡು ಒಡೆದ ಪಾಪ ಕಳ್ಕೊಳ್ಳೋಣ ಅಂತಾನೇ ಊರೂರು ಅಲೆದೆ.’

‘ಅಮ್ಮನ ಗುನುಗು ಕೇಳಿಸಲಿಲ್ಲ?’

‘ಆ ಪ್ರತೀಲಿ ಇರಲೇ ಇಲ್ಲಮ್ಮ. ಒಂದೊಂದು ಮುದ್ರಣ ಒಂದೊಂದು ಥರ, ನಿನಗೆ ಗೊತ್ತಿಲ್ಲದ್ದಾ? ಹೆಸರು ಬಿಟ್ಟುಹೋದದ್ದು ಪ್ರೆಸ್ಸಿನವರ ತಪ್ಪು. ಮುಂದಿನ ಸಲ ಹಾಕಿಸೋಣ.’

‘ಗೀರಿಲ್ಲದ ಪ್ರತಿ ಅನ್ನೋದನ್ನ ವೇದಿಕೆ ಮೇಲೆ ಹೇಳಿ, ಭಾವ. ಜನ ಅಂಥದಕ್ಕೆ ಬಾಯಿ ಬಿಡ್ತಾರೆ. ಬೇಕಾದ್ರೆ ನಾನೂ ಎರಡು ಮಾತಾಡ್ತೀನಿ.’

ಅವನು ಅವಳ ಕೈ ಹಿಡಿದುಕೊಂಡ. ಜರಡಿ ಡಾಕ್ಟರು ವೇದಿಕೆ ಹತ್ತಿದರೆ ಅದಕ್ಕಿಂತ ಇನ್ನೇನು ಬೇಕು. ಅವಳು ಕೈ ಬಿಡಿಸಿಕೊಂಡು ಸೂಜಿ ಚುಚ್ಚಿದಳು.

ದವಡೆ ಮರಗಟ್ಟಿತು. ಬಾಯಿ ತೆರೆದು ಮಲಗಿದ ಅವನ ಗಂಟಲು ಅವಳ ಕಣ್ಣ ಮುಂದೆ ಏರಿಳಿಯುತ್ತಿತ್ತು. ಕೈಯಲ್ಲಿ ಡ್ರಿಲ್. ಕೂದಲೆಳೆಯಷ್ಟು ಆಚೆ ಸರಿದರೆ ಸಾಕು, ನರ. ಅವಳಿಗೆ ಆಸೆಯಾಗಲಿಲ್ಲವೆಂದಲ್ಲ. ಆದರೆ ಇಲ್ಲಿ ನೋಯಿಸಿದರೆ ಅವನು ನೊಂದವನಾಗುತ್ತಾನೆ. ಕನಿಕರದ ಒಂದು ತೊಟ್ಟೂ ಅವನಿಗೆ ಸಿಗಕೂಡದು. ಅಂದು ಅವಳು ಮಾಡಿದ್ದು ಅವಳ ಜೀವಮಾನದ ಅತ್ಯುತ್ತಮ ಕೆಲಸಗಳಲ್ಲಿ ಒಂದು. ಹಲ್ಲು ನೂರು ವರ್ಷ ಬಾಳುವಂತಿತ್ತು.

ಬಿಡುಗಡೆ ನಡೆದದ್ದು ಗ್ರಂಥಾಲಯದ ಸಭಾಂಗಣದಲ್ಲಿ, ಭಾನುವಾರ ಬೆಳಿಗ್ಗೆ. ಸಂಗ್ರಾಹಕರು, ಅಂಗಡಿಯವರು, ಪತ್ರಿಕೆಯವರು ತುಂಬಿದ್ದರು. ಮೊದಲ ಸಾಲಿನಲ್ಲಿ ಅಕ್ಕ, ಇಸ್ತ್ರಿ ಮಾಡಿದ ಸೀರೆಯುಟ್ಟು. ಪ್ರತಿ ಒಡೆದ ದಿನದಿಂದ ಅವಳ ಮೇಲಿದ್ದ ಭಾರ ಅಂದು ಇಳಿದಂತಿತ್ತು. ಭಾವ ಹಡಗಿನ ಮುದುಕನ ಕಥೆಯನ್ನು ಮನಮುಟ್ಟುವಂತೆ ಹೇಳಿದ. ‘ಒಂದೇ ಒಂದು ಗೀರಿಲ್ಲ,’ ಎಂದಾಗ ಜನ ಚಪ್ಪಾಳೆ ತಟ್ಟಿದರು.

ತಂಗಿ ಎದ್ದು ಪಿಯಾನೋ ಸೋಲೋ ಹಾಕಲು ಹೇಳಿದಳು.

‘ಇದನ್ನ ನುಡಿಸಿದವರು ಅಜ್ಞಾತ ಅಂತ ಬರೆದಿದ್ದಾರೆ. ಅವರು ಸುಮ್ಮನೆ ನುಡಿಸಿದವರಲ್ಲ, ಜೊತೆಗೆ ಗುನುಗಿದ್ರು. ಇಲ್ಲಿ ಅದನ್ನ ತೆಗೆದಿದ್ದಾರೆ. ಏನು ಹೋಗಿದೆ ಅಂತ ತೋರಿಸ್ತೀನಿ.’

ಮೈಕಿನ ಮುಂದೆ ನಿಂತು ಪಿಯಾನೋದ ಜೊತೆ ಗುನುಗತೊಡಗಿದಳು. ಅವಳದು ಒಳ್ಳೆಯ ಕಂಠವಲ್ಲ. ಯಾರೋ ಕೆಮ್ಮಿದರು. ಭಾವನ ನಗು ಹಾಗೇ ಅಂಟಿಕೊಂಡಿತ್ತು. ಆಗ ಮೊದಲ ಸಾಲಿನಿಂದ ಎರಡನೆಯ ದನಿ ಎದ್ದಿತು. ಅಕ್ಕ ಕಣ್ಣು ಮುಚ್ಚಿದ್ದಳು. ತಾನು ಹಾಡುತ್ತಿರುವುದು ಅವಳಿಗೇ ತಿಳಿದಿರಲಿಲ್ಲ. ಎಲ್ಲಿ ಏರಬೇಕೋ ಅಲ್ಲಿ ಇಬ್ಬರೂ ಏರಿದರು, ಎಲ್ಲಿ ತಡೆಯಬೇಕೋ ಅಲ್ಲಿ ತಡೆದರು. ಸಭೆಯಲ್ಲಿ ಕೆಮ್ಮು ನಿಂತಿತು.

ಸೋಲೋ ಮುಗಿಯುವಲ್ಲಿ, ತಂತಿ ಟಪ್ಪೆಂದ ಕೂಡಲೇ, ಅಕ್ಕ ಅಭ್ಯಾಸಬಲದಿಂದ ‘ಟಕ್’ ಎಂದು ನಾಲಿಗೆ ಹೊಡೆದಳು. ಗೀರಿನ ಸದ್ದು. ಅಲ್ಲಿ ಗೀರು ಬರಲಿಲ್ಲ. ಅದೇ ಟಪ್ ಮತ್ತೆ ಬಂತು. ಅಕ್ಕ ಕಣ್ಣು ಬಿಟ್ಟಳು.

‘ಗೀರಿಲ್ಲದ ಪ್ರತಿಗೆ ತೇಪೆ ಯಾಕೆ ಹಾಕಿದ್ರಿ, ಭಾವ?’ ಎಂದಳು ತಂಗಿ. ತುಣುಕನ್ನು ಮತ್ತೆ ಹಾಕಿಸಿದಳು. ಮತ್ತೊಮ್ಮೆ ಹಾಕಿಸಿದಳು. ಸಂಗ್ರಾಹಕರು ಒಬ್ಬರ ಮುಖ ಒಬ್ಬರು ನೋಡಿದರು. ಒಮ್ಮೆ ತಿಳಿದ ಮೇಲೆ ಅದನ್ನು ಕೇಳದಿರಲು ಯಾರಿಂದಲೂ ಆಗುತ್ತಿರಲಿಲ್ಲ. ಆಮೇಲೆ ಅವಳು ಒಡೆದ ಚೂರುಗಳನ್ನು ಮೇಜಿನ ಮೇಲೆ ಸುರಿದು, ಅಮ್ಮನ ರೆಕಾರ್ಡೆಂದು ಅವನು ತಂದುಕೊಟ್ಟದ್ದು ಇದನ್ನೇ ಎಂದು ಹೇಳಿ, ಸೈನಿಕ ಬ್ಯಾಂಡಿನ ಹೆಸರನ್ನು ಮೈಕಿನಲ್ಲಿ ಓದಿದಳು.

ಭಾವ ಬಾಯಿ ತೆರೆದ. ಮಾತಿನ ಮಲ್ಲ ಮೈಕಿನ ಕಡೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಕಿವಿಯಿಂದ ಶುರುವಾಗಿ ಕುತ್ತಿಗೆಯವರೆಗೆ ಅವನ ಮುಖ ಸೀಸದ ಬಣ್ಣಕ್ಕೆ ತಿರುಗಿದ್ದನ್ನು ಅವಳು ಕಣ್ತುಂಬ ನೋಡಿದಳು. ಆ ಕ್ಷಣಕ್ಕೆ ಹೊಟ್ಟೆ ತಣ್ಣಗಾಯಿತು.

ಅಂಗಡಿಯವರು ರೆಕಾರ್ಡುಗಳನ್ನು ಹಿಂದಿರುಗಿಸಿದರು. ಕಂಪನಿಯ ಹಳೆಯ ಮರುಮುದ್ರಣಗಳ ಮೇಲೂ ಅನುಮಾನ ಬಿತ್ತು. ವರ್ಷ ತುಂಬುವುದರೊಳಗೆ ಬೋರ್ಡು ಇಳಿಯಿತು. ಭಾವ ಈಗ ಮದುವೆಮನೆಗಳಿಗೆ ಸ್ಪೀಕರ್ ಕಳಿಸುವವನ ಹತ್ತಿರ ಕೆಲಸಕ್ಕಿದ್ದಾನೆ.

ಬಿಡುಗಡೆಯ ದಿನವೇ ಮಧ್ಯಾಹ್ನ ಅಕ್ಕ ಅವನ ಸ್ಟುಡಿಯೋದ ಕಪಾಟು ತೆಗೆಸಿ ಅಮ್ಮನ ರೆಕಾರ್ಡನ್ನು ಹೊರತೆಗೆದಳು. ತಂಗಿ ಕಾದಳು. ಅಕ್ಕ ಬರಲಿಲ್ಲ. ಕೊನೆಗೆ ಅವಳೇ ಅಕ್ಕನ ಮನೆಗೆ ಹೋದಳು. ಅಕ್ಕ ಬಾಗಿಲಲ್ಲೇ ನಿಂತು ಮಾತಾಡಿಸಿದಳು.

‘ರೆಕಾರ್ಡು ನನ್ನ ಹತ್ರಾನೇ ಇರಲಿ.’

‘ಅಮ್ಮ ಅದನ್ನ ನನಗೆ ಕೊಟ್ಟಿದ್ದು, ಅಕ್ಕ.’

‘ಗೊತ್ತು. ಅವಳು ನನಗೂ ಅಮ್ಮ. ನಿನ್ನ ಭಾವ ನಿನಗೆ ಮಾಡಿದ್ದು ತಪ್ಪು, ಅದಕ್ಕೆ ಅವರಿಗೆ ನನ್ನಿಂದಾನೂ ತಕ್ಕದ್ದು ಆಗಿದೆ. ಆದ್ರೆ ನೀನು ಮೊದಲು ನನಗೆ ಹೇಳಬಹುದಿತ್ತಲ್ವೇನೇ?’

‘ಹೇಳಿದ್ರೆ ನೀನು ಮನೇಲೇ ಮುಗಿಸ್ತಿದ್ದೆ.’

‘ಹೌದು, ಮುಗಿಸ್ತಿದ್ದೆ. ಸಾವಿರ ಜನರ ಮುಂದೆ ನನ್ನ ಬಾಯಿಂದಾನೇ ನನ್ನ ಗಂಡನ್ನ ಹಿಡಿಸಬೇಕಿತ್ತಾ? ನಾನು ಹಾಡ್ತೀನಿ ಅಂತ ನಿನಗೆ ಗೊತ್ತಿತ್ತು.’

ತಂಗಿ ಸುಳ್ಳು ಹೇಳಲಿಲ್ಲ. ‘ಗೊತ್ತಿತ್ತು,’ ಎಂದಳು.

ಒಳಗೆ ಭಾವ ಕೆಮ್ಮುವುದು ಕೇಳಿಸಿತು. ಅಕ್ಕ ಹಿಂತಿರುಗಿ ನೋಡಿ, ಮತ್ತೆ ತಂಗಿಯ ಕಡೆ ತಿರುಗಿದಳು.

‘ಮನೇಲಿ ಮುಗಿದಿದ್ರೆ ನಿನಗೆ ಸಾಲ್ತಿರಲಿಲ್ಲ, ಅಲ್ವಾ?’

‘ಇಲ್ಲಕ್ಕ. ಈಗಲೂ ಸಾಲ್ತಾ ಇಲ್ಲ.’

ಅಕ್ಕ ಬಾಗಿಲ ಚಿಲಕದ ಮೇಲೆ ಕೈಯಿಟ್ಟಳು. ಬಾಗಿಲು ಹಾಕಲಿಲ್ಲ, ಒಳಗೂ ಕರೆಯಲಿಲ್ಲ. ತಂಗಿ ಮೆಟ್ಟಿಲಿಳಿದು ಕ್ಲಿನಿಕ್ಕಿನ ಕಡೆ ನಡೆದಳು. ಸಂಜೆಯ ರೋಗಿಗಳು ಆಗಲೇ ಬಂದು ಕಾಯುತ್ತಿದ್ದರು.