ಮೆಟ್ಟಿಲ ಬಳಿಯ ಗೊಂಬೆ

ಎರಡನೆಯ ಮಹಡಿಯಲ್ಲಿ ಎದುರುಬದುರು ಎರಡೇ ಬಾಗಿಲು. ಒಂದು ಬಟ್ಟೆ ಹೊಲಿಯುವವಳದು, ಇನ್ನೊಂದು ಬಟ್ಟೆ ಒಗೆದು ಇಸ್ತ್ರಿ ಮಾಡುವವಳದು. ಇಬ್ಬರ ಹೊಟ್ಟೆಪಾಡೂ ಬಟ್ಟೆಯಿಂದಲೇ. ಅದಕ್ಕಾದರೂ ಹೊಂದಿಕೊಂಡು ಹೋಗಬಾರದೇ? ಎಲ್ಲಿ ಬಂತು! ಮೆಟ್ಟಿಲು ಮುಗಿಯುವಲ್ಲಿ, ಎರಡು ಬಾಗಿಲುಗಳ ನಡುವಿನ ಮೊಳದಷ್ಟು ಜಾಗಕ್ಕಾಗಿ ಇಬ್ಬರದೂ ಹಾವು ಮುಂಗುಸಿಯ ಬಾಳು.

ಆ ಜಾಗದಲ್ಲಿ ಹೊಲಿಗೆಯವಳ ಗೊಂಬೆ ನಿಂತಿರುತ್ತಿತ್ತು. ತಲೆಯಿಲ್ಲದ, ಕೈಯಿಲ್ಲದ, ಒಂಟಿ ಮರದ ಕಾಲಿನ ಗೊಂಬೆ. ಹೊಲಿದದ್ದನ್ನು ತೊಡಿಸಿ ಅಳತೆ ನೋಡುವಂಥದ್ದು. ಇಸ್ತ್ರಿಯವಳು ಒದ್ದೆ ಬಟ್ಟೆಯ ಗಂಟು ಹೊತ್ತು ತಾರಸಿಗೆ ಹೋಗುವಾಗಲೆಲ್ಲ ಅದು ಅಡ್ಡ. "ನಿಮ್ಮ ರುಂಡವಿಲ್ಲದ ಮಹಾರಾಣಿಗೆ ದಾರಿ ಬಿಡೋಕೆ ಹೇಳಿ" ಎಂದು ಅವಳು ಚುಚ್ಚುವುದು, ನಿಮ್ಮ ಗಂಟಿನಿಂದ ಸೋರುವ ನೀರಿಗೆ ಜನ ಜಾರಿ ಬೀಳುವುದು ಕಾಣುವುದಿಲ್ಲವೇ ಎಂದು ಇವಳು ತಿರುಗಿ ಕೇಳುವುದು. ಕೆಳಗಿನ ಮನೆಯವರು ಕಿವಿಗೊಟ್ಟು ಕೇಳಿ ನಗುತ್ತಿದ್ದರು.

ನಗಲಿ ಬಿಡಿ, ಅವರಿಗೇನು ಗೊತ್ತು? ಅದು ಹೊಲಿಗೆಯವಳ ಮಗಳ ಮೈ. ಅಂಗಡಿಯಿಂದ ತಂದಾಗ ಗೊಂಬೆ ಸಣಕಲು. ಯಾರ ಬಟ್ಟೆ ಹೊಲಿಯಬೇಕೋ ಅವರ ಮೈಗೆ ತಕ್ಕಂತೆ ಹತ್ತಿ ತುಂಬಿ, ಹಳೆ ಬಟ್ಟೆಯ ಪಟ್ಟಿ ಸುತ್ತಿ ದಪ್ಪ ಮಾಡಿಕೊಳ್ಳಬೇಕು. ಕೆಲಸಕ್ಕೆ ಓಡುವ ಮಗಳಿಗೆ ಅಳತೆ ಕೊಡಲು ಪುರುಸೊತ್ತಿಲ್ಲವೆಂದು ತಾಯಿ ಒಂದು ರಜೆಯ ದಿನ ಅವಳನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, ಟೇಪನ್ನೂ ಮುಟ್ಟದೆ, ಮೈ ತಡವಿ ತಡವಿ ಅವಳಂತೆಯೇ ಸುತ್ತಿದ್ದಳು. ಬಲಹೆಗಲು ತುಸು ಇಳಿದಿದ್ದದ್ದು ಕೂಡ ಅದರಲ್ಲಿ ಬಂದಿತ್ತು. ಕಚಗುಳಿಯಾಗುತ್ತದೆಂದು ಹುಡುಗಿ ನಕ್ಕದ್ದೇ ನಕ್ಕದ್ದು. ಮರುವರ್ಷ ಅದೆಂಥದೋ ಜ್ವರ ಬಂದು ಹೋಗಿಯೇಬಿಟ್ಟಳು. ಅವಳ ಬಟ್ಟೆಬರೆ ಯಾರ್ಯಾರ ಪಾಲೋ ಆಯಿತು, ಫೋಟೋದಲ್ಲಿ ಮುಖ ಉಳಿಯಿತು. ಮೈ ಉಳಿದದ್ದು ಗೊಂಬೆಯಲ್ಲಿ ಮಾತ್ರ.

ಗಂಡನಿಗೆ ಅದು ಮನೆಯೊಳಗೆ ಕಣ್ಣಿಗೆ ಬಿದ್ದರೆ ತುತ್ತು ಇಳಿಯುತ್ತಿರಲಿಲ್ಲ. ಎಸೆಯಲು ಇವಳು ಪ್ರಾಣ ಹೋದರೂ ಒಪ್ಪಳು. ಕೊನೆಗೆ ಅದು ಬಾಗಿಲಾಚೆ ಬಂದು ನಿಂತಿತು. ಇಸ್ತ್ರಿಯವಳು ಬಾಡಿಗೆಗೆ ಬಂದದ್ದು ಆಮೇಲೆ. ಅವಳಿಗೆ ಒಂದು ಮಾತು ಹೇಳಿದ್ದರೆ ಜಗಳವೇ ಇರುತ್ತಿರಲಿಲ್ಲ, ನಿಜ. ಆದರೆ ಕಂಡಕಂಡವರಿಂದ ಅಯ್ಯೋ ಪಾಪ ಎನ್ನಿಸಿಕೊಂಡು ಹೊಲಿಗೆಯವಳಿಗೆ ಸಾಕುಸಾಕಾಗಿತ್ತು. ಅದಕ್ಕಿಂತ ಬೈಸಿಕೊಳ್ಳುವುದೇ ಮೇಲು ಎಂದುಕೊಂಡಳು.

ಒಂದು ಬೆಳಿಗ್ಗೆ ಗಂಟು ತಾಗಿ ಗೊಂಬೆ ಉರುಳಿ, ನೆಲದ ಕೊಳಕು ನೀರಿನಲ್ಲಿ ಬೋರಲಾಗಿ ಬಿತ್ತು. ಇಸ್ತ್ರಿಯವಳು ಬೈಗುಳಕ್ಕೆ ಸಿದ್ಧಳಾಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಹೊಲಿಗೆಯವಳು ಓಡಿ ಬಂದಳು. ಗೊಂಬೆಯನ್ನು ಎತ್ತಿ ನಿಲ್ಲಿಸಿ, ತನ್ನ ತೋಳಿನಿಂದಲೇ ಒರೆಸುತ್ತಾ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮುಖ ತೊಳೆದುಕೊಂಡು, ಗಿರಾಕಿಯೊಬ್ಬರ ಮನೆಗೆ ಪರದೆ ಹೊಲಿದುಕೊಡಲು ಹೋದಳು.

ಸಂಜೆ ಬಂದಾಗ ಇಸ್ತ್ರಿಯವಳು ಮೆಟ್ಟಿಲ ಮೇಲೆಯೇ ಕಾದು ಕುಳಿತಿದ್ದಳು. ಮೊದಲ ಸಲ ನಗುಮುಖ. ಮಡಿಲಲ್ಲಿ ಮಡಿಸಿದ ಬಟ್ಟೆಯ ಅಟ್ಟಿ.

"ನೀನು ಅತ್ತಿದ್ದು ನೋಡಿ ನಂಗೆ ಕೈಕಾಲೇ ಆಡ್ಲಿಲ್ಲ ತಂಗಿ," ಎಂದಳು. "ಕೊಳೆ ಮಾಡಿದವಳು ನಾನು, ತೊಳೆಯೋಳೂ ನಾನೇ ಅಲ್ವಾ? ಒಂದೊಂದು ಪಟ್ಟೀನೂ ಬಿಚ್ಚಿ, ಒಗೆದು, ಗಂಜಿ ಹಾಕಿ ಇಸ್ತ್ರಿ ಮಾಡಿದೀನಿ. ಹತ್ತಿ ತಾರಸಿ ಮೇಲೆ ಒಣಗ್ತಿದೆ. ಇನ್ಮೇಲೆ ನಿನ್ನ ಗೊಂಬೆ ಇಲ್ಲೇ ಇರ್ಲಿ, ನಾನು ಚಕಾರ ಎತ್ತಲ್ಲ."

ಅವಳ ಬೆನ್ನ ಹಿಂದೆ ಗೊಂಬೆ ಸಣಕಲಾಗಿ, ಬೋಳಾಗಿ ನಿಂತಿತ್ತು. ಹೊಲಿಗೆಯವಳಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ತನ್ನ ದಿನದ ದುಡಿಮೆ ಬಿಟ್ಟು, ಬೆರಳು ಬಿಳುಚುವವರೆಗೆ ಒಗೆದ ಹೆಂಗಸನ್ನು ಯಾವ ಬಾಯಿಂದ ಬೈಯುವುದು, ನೀವೇ ಹೇಳಿ. ಅವಳ ಪಕ್ಕ ಮೆಟ್ಟಿಲ ಮೇಲೆಯೇ ಕುಳಿತಳು.

"ಅದು ನನ್ನ ಮಗಳ ಮೈ ಅಕ್ಕ," ಎಂದಳು. "ಅವಳು ಈಗಿಲ್ಲ."

ಇಸ್ತ್ರಿಯವಳಿಗೆ ಅರ್ಥವಾಗಲು ಒಂದಿಷ್ಟು ಹೊತ್ತು ಹಿಡಿಯಿತು. ಅರ್ಥವಾದೊಡನೆ ಬಟ್ಟೆಯ ಅಟ್ಟಿ ಮಡಿಲಿಂದ ಜಾರಿತು. ತನ್ನ ಕೈಗೆ ಹುಳ ಬೀಳಲಿ ಎಂದು ಶಪಿಸಿಕೊಂಡಳು. ಯಾಕೆ ಹೇಳಲಿಲ್ಲ ತಾಯಿ, ಯಾಕೆ ಹೇಳಲಿಲ್ಲ ಎಂದು ಇವಳ ಭುಜ ಹಿಡಿದು ಅಲುಗಿಸಿದಳು. ಆಮೇಲೆ ಚೆಲ್ಲಿದ ಪಟ್ಟಿಗಳನ್ನೆಲ್ಲ ಬಾಚಿಕೊಂಡು ಗೊಂಬೆಯ ಮುಂದೆ ಮಂಡಿಯೂರಿದಳು.

"ಮತ್ತೆ ಸುತ್ತೋಣ. ನೀನು ಹೇಳು, ನಾನು ಸುತ್ತೀನಿ. ಎಷ್ಟು ದಪ್ಪ ಇದ್ಲು ಮಗು? ಕೈಯಲ್ಲಿ ತೋರ್ಸು."

ಹೊಲಿಗೆಯವಳು ಎದ್ದಳು. ಮಗಳನ್ನು ತಬ್ಬಿಕೊಳ್ಳುವಂತೆ ಎರಡೂ ತೋಳು ಮುಂದೆ ಚಾಚಿ ಕಣ್ಣು ಮುಚ್ಚಿದಳು. ತೋಳುಗಳನ್ನು ತುಸು ಹತ್ತಿರ ತಂದಳು. ಅಲ್ಲ ಎನ್ನಿಸಿ ಅಗಲ ಮಾಡಿದಳು. ಮತ್ತೆ ಹತ್ತಿರ ತಂದಳು.

"ಗೊತ್ತಾಗ್ತಿಲ್ಲ ಅಕ್ಕ," ಎಂದಳು.